ಮಗನ ಕಿಡ್ನಿ ತಾಯಿಗೆ ಹೊಂದದೇ ಹೋದಾಗ: ಕ್ರಾಸ್‌ಮ್ಯಾಚ್ ಲ್ಯಾಬಿನ ನನ್ನ ಅನುಭವ

ಕಿಡ್ನಿ ಕಸಿಗೆ ಮುಂಚೆ ಕೊಡುವವರ ಬಿಳಿ ರಕ್ತಕಣ ಮತ್ತು ತಗೊಳ್ಳುವವರ ಸೀರಂ (ಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ತಿಳಿ) ಎರಡನ್ನೂ ಒಂದೇ ಕಡೆ ಸೇರಿಸಿ, ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಕಣಗಳು ಬದುಕಿದ್ದರೆ ನೆಗೆಟಿವ್, ಮುಂದಿನ ಹೆಜ್ಜೆ ಇಡಬಹುದು. ಸತ್ತರೆ ಪಾಸಿಟಿವ್, ಅಲ್ಲಿಗೇ ನಿಲ್ಲಬೇಕು. ಇದೇ ಕ್ರಾಸ್‌ಮ್ಯಾಚ್. ಬೆಂಗಳೂರಿನ ಒಂದು ಟ್ರಾನ್ಸ್‌ಪ್ಲಾಂಟ್ ಲ್ಯಾಬಿನಲ್ಲಿ ದಿನದ ಈ ಕೆಲಸದ ಜೊತೆಗೇ ನನ್ನ ಸಂಶೋಧನೆಯೂ ನಡೆದುಕೊಂಡು ಬಂದಿದೆ. ಬಸಿರು, ಗರ್ಭಪಾತ, ರಕ್ತ ಏರಿಸಿದ್ದು, ಇವುಗಳಿಂದ ಹೆಣ್ಣುಮಕ್ಕಳ ಮೈಯಲ್ಲಿ ಹುಟ್ಟುವ ಆಂಟಿಬಾಡಿಗಳು (ಹೊರಗಿನದ್ದನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳು) ಮುಂದೆ ಕಸಿಗೆ ಹೇಗೆ ಅಡ್ಡ ಬರುತ್ತವೆ ಎಂಬುದು ನನ್ನ ವಿಷಯ.

ಈ ವಿಷಯ ಹಿಡಿಯಲು ಕಾರಣ ಪುಸ್ತಕವಲ್ಲ, ರಿಪೋರ್ಟ್ ತಗೊಳ್ಳಲು ಬಂದ ತಾಯಂದಿರು. "ಮೇಡಂ, ಇವನು ನನ್ನ ಹೊಟ್ಟೇಲೇ ಹುಟ್ಟಿದ ಮಗ. ಇವನದ್ದೇ ನನಗೆ ಹೊಂದಲ್ಲ ಅಂದ್ರೆ ಹೇಗೆ?" ಈ ಪ್ರಶ್ನೆಯನ್ನು ಹಾಸನದಿಂದ ಬಂದವರೂ ಕೇಳಿದ್ದಾರೆ, ರಾಯಚೂರಿನಿಂದ ಬಂದವರೂ ಕೇಳಿದ್ದಾರೆ. ಕೇಳುವ ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನ ಜಾಸ್ತಿ ಇರುತ್ತದೆ. ಮಗ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ಇಬ್ಬರದೂ ಏನೂ ತಪ್ಪಿಲ್ಲ ಎಂದು ಅವರಿಗೆ ಅರ್ಥವಾಗುವ ಹಾಗೆ ಹೇಳುವುದನ್ನು ನಾನು ಕಲಿಯಲೇಬೇಕಿತ್ತು.

ನಾನು ಹೇಳುವುದು ಹೀಗೆ. "ಅಮ್ಮಾ, ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಅಂತ ಗುರುತುಗಳಿರುತ್ತವೆ. ಮಗನಿಗೆ ಅರ್ಧ ನಿಮ್ಮಿಂದ ಬಂದಿದೆ, ಅರ್ಧ ನಿಮ್ಮ ಯಜಮಾನರಿಂದ. ನಿಮ್ಮ ಮೈ ಜಗಳ ಆಡ್ತಿರೋದು ಮಗನ ಜೊತೆ ಅಲ್ಲ, ಅವನಲ್ಲಿರೋ ಅಪ್ಪನ ಅರ್ಧದ ಜೊತೆ. ಆ ಅರ್ಧವನ್ನು ಬಸಿರಿನಲ್ಲೇ ನಿಮ್ಮ ಮೈ ನೋಡಿಬಿಟ್ಟಿದೆ." ಮಗುವಿನ ಕೆಲವು ಕಣಗಳು ಬಸಿರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಹೆರಿಗೆ ಹೊತ್ತಿನಲ್ಲಿ, ತಾಯಿಯ ರಕ್ತಕ್ಕೆ ಸೇರುತ್ತವೆ. ಎಲ್ಲ ತಾಯಂದಿರಲ್ಲೂ ಆಂಟಿಬಾಡಿ ಹುಟ್ಟುವುದಿಲ್ಲ. ಬಸಿರುಗಳು ಹೆಚ್ಚಿದಷ್ಟೂ ಹುಟ್ಟುವ ಸಂಭವ ಹೆಚ್ಚು. ಅದರಿಂದ ತಾಯಿಯ ಆರೋಗ್ಯಕ್ಕೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ. ಎಷ್ಟೋ ವರ್ಷಗಳ ನಂತರ ಕಿಡ್ನಿ ಕೈಕೊಟ್ಟು, ಗಂಡನೋ ಮಗನೋ ಮಗಳೋ "ನಾನು ಕೊಡ್ತೀನಿ" ಎಂದು ಮುಂದೆ ಬಂದಾಗ ಮಾತ್ರ ಅದು ಎದ್ದು ನಿಲ್ಲುತ್ತದೆ.

ಇದರಲ್ಲಿ ನನಗೆ ತಡೆಯಲಾಗದ ಒಂದು ನೋವಿದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ತಗೊಳ್ಳುವವರಲ್ಲಿ ಗಂಡಸರೇ ಜಾಸ್ತಿ. ತಾಯಿ ಮಗನಿಗೆ ಕೊಡುತ್ತಾಳೆ, ಹೆಂಡತಿ ಗಂಡನಿಗೆ ಕೊಡುತ್ತಾಳೆ. ಆ ದಿಕ್ಕಿನಲ್ಲಿ ಬಸಿರಿನ ಆಂಟಿಬಾಡಿಯ ತೊಡಕಿಲ್ಲ. ಅದೇ ಹೆಣ್ಣಿಗೆ ಕಾಯಿಲೆ ಬಂದು, ಅಪರೂಪಕ್ಕೆ ಮನೆಯವರು ಕೊಡಲು ಮುಂದೆ ಬಂದಾಗ, ಅವಳು ಹೆತ್ತಿದ್ದೇ ಅಡ್ಡ ಬರುತ್ತದೆ. ಅದಕ್ಕೇ ಈ ಪರೀಕ್ಷೆಗಳಲ್ಲಿ ನಾನು ಸುಮ್ನೆ ಪಾಸಿಟಿವ್, ನೆಗೆಟಿವ್ ಎಂದು ಬರೆದು ಕೈತೊಳೆದುಕೊಳ್ಳುವುದಿಲ್ಲ.

ಒಮ್ಮೆ ಕಂಡ ಬೇರೆಯವರ ಗುರುತಿನ ನೆನಪು ದೇಹಕ್ಕೆ ಇರುತ್ತದೆ ಎಂದು ಮೊದಲು ತೋರಿಸಿದವರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ ಮುಖ್ಯರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಗ್ಲಾಸ್ಗೋದಲ್ಲಿ ಸರ್ಜನ್ ಥಾಮಸ್ ಗಿಬ್ಸನ್ ಜೊತೆ, ಸುಟ್ಟ ಗಾಯದ ಒಬ್ಬ ಹೆಂಗಸಿಗೆ ಅವಳ ಸಹೋದರನ ಚರ್ಮದ ಚೂರುಗಳನ್ನು ಕೂರಿಸಿದರು. ಅವು ಉಳಿಯಲಿಲ್ಲ. ಅವನದ್ದೇ ಚರ್ಮವನ್ನು ಎರಡನೇ ಸಲ ಕೂರಿಸಿದಾಗ ಇನ್ನೂ ಬೇಗ ಉದುರಿತು. 1943ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದು ನಾನು ಮಾಡುವ ಕೆಲಸದ ಬೇರು ಆ "ಎರಡನೇ ಸಲ ಇನ್ನೂ ಬೇಗ" ಎಂಬುದರಲ್ಲೇ ಇದೆ. 1954ರಲ್ಲಿ ಬಾಸ್ಟನ್‌ನಲ್ಲಿ ಸರ್ಜನ್ ಜೋಸೆಫ್ ಮರ್ರೇ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ್ದು ತದ್ರೂಪಿ ಅವಳಿಗಳ ನಡುವೆ. ಗುರುತುಗಳೆಲ್ಲ ಒಂದೇ ಆಗಿದ್ದರಿಂದ ಜಗಳವೇ ಹುಟ್ಟಲಿಲ್ಲ.

ಬಸಿರಿನ ವಿಷಯ ತಿಳಿದದ್ದು 1958ರಲ್ಲಿ. ಅಮೆರಿಕದಲ್ಲಿ ರೋಸ್ ಪೇನ್, ನೆದರ್ಲೆಂಡ್ಸ್‌ನಲ್ಲಿ ಯಾನ್ ವಾನ್ ರೂಡ್ ಎಂಬ ಸಂಶೋಧಕರು ಬೇರೆ ಬೇರೆಯಾಗಿ ಕೆಲಸ ಮಾಡುತ್ತ, ಹೆತ್ತ ಹೆಂಗಸರ ರಕ್ತದಲ್ಲಿ ಬೇರೆಯವರ ಬಿಳಿ ರಕ್ತಕಣಗಳ ವಿರುದ್ಧ ಆಂಟಿಬಾಡಿ ಇರುವುದನ್ನು ಕಂಡರು. ಆಮೇಲೆ ನಡೆದದ್ದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಮುಂದಿನ ಎಷ್ಟೋ ವರ್ಷ ಎಚ್‌ಎಲ್‌ಎ ಟೈಪಿಂಗ್, ಅಂದರೆ ಯಾರಲ್ಲಿ ಯಾವ ಗುರುತಿದೆ ಎಂದು ಪತ್ತೆಮಾಡುವುದು, ನಡೆದದ್ದೇ ಹಲವು ಮಕ್ಕಳನ್ನು ಹೆತ್ತ ತಾಯಂದಿರ ಸೀರಂನಿಂದ. ಈಗ ಡಿಎನ್‌ಎ ನೋಡಿ ಟೈಪ್ ಮಾಡುತ್ತೇವೆ. ಆದರೆ ಎ2, ಬಿ27 ಎಂದೆಲ್ಲ ನಾವು ಬರೆಯುವ ಹಳೆಯ ಹೆಸರುಗಳ ಹಿಂದೆ ಹೆಸರು ಗೊತ್ತಿಲ್ಲದ ಸಾವಿರಾರು ಬಾಣಂತಿಯರ ರಕ್ತ ಇದೆ. ಹೊಸದಾಗಿ ಲ್ಯಾಬಿಗೆ ಸೇರುವ ಹುಡುಗ ಹುಡುಗಿಯರಿಗೆ ನಾನು ಇದನ್ನು ಮೊದಲ ವಾರದಲ್ಲೇ ಹೇಳುತ್ತೇನೆ.

ಇನ್ನು ಬೆಂಚಿನ ಕೆಲಸ. ದಾನಿಯ ರಕ್ತವನ್ನು ಫೈಕಾಲ್ ಎಂಬ ದ್ರವದ ಮೇಲೆ ನಿಧಾನವಾಗಿ ಹರಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಕೆಂಪುಕಣಗಳು ತಳಕ್ಕೆ ಹೋಗುತ್ತವೆ. ನಡುವೆ ಹಾಲಿನ ಮೇಲಿನ ಕೆನೆಯಂಥ ತೆಳು ಪದರ ನಿಲ್ಲುತ್ತದೆ. ನಮಗೆ ಬೇಕಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅಲ್ಲಿವೆ. ಅವನ್ನು ಎತ್ತಿ, ತೊಳೆದು, ಅವುಗಳ ಎರಡು ಬಗೆಗಳಾದ ಟಿ ಕಣ ಬೇರೆ, ಬಿ ಕಣ ಬೇರೆ ಮಾಡುತ್ತೇವೆ. ಸಣ್ಣ ಸಣ್ಣ ಗುಳಿಗಳಿರುವ ತೆರಸಾಕಿ ಟ್ರೇ ಎಂಬ ತಟ್ಟೆಯಲ್ಲಿ ಎಣ್ಣೆಯ ಹನಿಯ ಅಡಿ ಒಂದು ಮೈಕ್ರೋಲೀಟರ್ ಸೀರಂ, ಒಂದು ಮೈಕ್ರೋಲೀಟರ್ ಕಣ. ಸ್ವಲ್ಪ ಹೊತ್ತು ಬಿಟ್ಟು ಮೊಲದ ರಕ್ತದಿಂದ ತೆಗೆದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಹಾಕುತ್ತೇವೆ. ಸೀರಂನಲ್ಲಿ ದಾನಿಯ ವಿರುದ್ಧ ಆಂಟಿಬಾಡಿ ಇದ್ದರೆ ಅದು ಕಣಕ್ಕೆ ಅಂಟಿಕೊಂಡಿರುತ್ತದೆ. ಕಾಂಪ್ಲಿಮೆಂಟ್ ಅಲ್ಲಿಗೆ ಬಂದು ಕಣದ ಗೋಡೆಗೆ ತೂತು ಕೊರೆಯುತ್ತದೆ. ಆಮೇಲೆ ಹಾಕುವ ಬಣ್ಣ ಆ ತೂತಿನಿಂದ ಒಳಗೆ ಹೋಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಸತ್ತ ಕಣ ಉಬ್ಬಿ, ಬಣ್ಣ ಹೀರಿ ಮಂಕಾಗಿ ಕಾಣುತ್ತದೆ. ಬದುಕಿದ್ದು ಹೊಳೆಯುತ್ತಿರುತ್ತದೆ.

ನೋಡಲು ಹಳೆಯ ಕಾಲದ ವಿಧಾನ. ಆದರೆ ಇದರ ಬೆಲೆ ತಿಳಿಯಲು 1969ರ ಒಂದು ಪ್ರಬಂಧ ಸಾಕು. ಲಾಸ್ ಏಂಜಲೀಸ್‌ನ ಪಾಲ್ ತೆರಸಾಕಿ, ತಮ್ಮ ಸಹೋದ್ಯೋಗಿ ಪಟೇಲ್ ಜೊತೆ ಬರೆದದ್ದು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದೂ ಹಾಕಿದ 30 ಕಿಡ್ನಿಗಳಲ್ಲಿ 24 ತಕ್ಷಣ ಕೆಟ್ಟವು. ನೆಗೆಟಿವ್ ಇದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಆಂಟಿಬಾಡಿ ಮೊದಲೇ ತಯಾರಿದ್ದರೆ ರಕ್ತನಾಳ ಜೋಡಿಸಿ ಕ್ಲ್ಯಾಂಪ್ ಬಿಟ್ಟ ಕೆಲವೇ ನಿಮಿಷದಲ್ಲಿ ಕಿಡ್ನಿ ನೀಲಿಗಟ್ಟಿ ಕಪ್ಪಾಗಬಹುದು. ಒಬ್ಬ ಆರೋಗ್ಯವಂತರ ಮೈಯಿಂದ ತೆಗೆದ ಕಿಡ್ನಿ ಅದು. ಅದನ್ನು ಹಾಗೆ ಕಳೆಯಲು ಯಾರಿಗೂ ಹಕ್ಕಿಲ್ಲ.

ಟ್ರೇಯ ಜೊತೆಗೆ ಈಗ ಲ್ಯೂಮಿನೆಕ್ಸ್ ಎಂಬ ಪರೀಕ್ಷೆ ಇದೆ. ಬಣ್ಣ ತುಂಬಿದ ಅತಿಸಣ್ಣ ಮಣಿಗಳು, ಒಂದೊಂದು ಬಗೆಯ ಮಣಿಯ ಮೇಲೆ ಒಂದೊಂದೇ ಎಚ್‌ಎಲ್‌ಎ. ರೋಗಿಯ ಸೀರಂ ಬೆರೆಸಿದರೆ ಯಾವ ಗುರುತಿನ ವಿರುದ್ಧ ಆಂಟಿಬಾಡಿ ಇದೆ ಎಂದು ಪಟ್ಟಿಯೇ ಸಿಗುತ್ತದೆ. ಇದು ಬಂದ ಮೇಲೆ ಕೆಲವರು ಕಣಗಳ ಕ್ರಾಸ್‌ಮ್ಯಾಚ್ ಬೇಡವೆಂದೇ ಹೇಳಲು ಶುರುಮಾಡಿದರು. ನಾನು ಒಪ್ಪುವುದಿಲ್ಲ. ನಮ್ಮ ಜನರಲ್ಲಿ ಕಾಣುವ ಎಲ್ಲ ಎಚ್‌ಎಲ್‌ಎ ಬಗೆಗಳೂ (ಅಲೀಲ್‌ಗಳೂ) ಆ ಕಿಟ್‌ನ ಮಣಿಗಳಲ್ಲಿ ಇರುವುದಿಲ್ಲ. ಆಂಟಿಬಾಡಿ ವಿಪರೀತ ಇದ್ದಾಗ ಕೆಲವು ಸಲ ಮಣಿಯ ಮೇಲೆ ಅದು ಕಡಿಮೆಯೇ ಕಾಣುತ್ತದೆ. ಸೀರಂ ತೆಳು ಮಾಡಿಯೋ, ಇಡಿಟಿಎ ಎಂಬ ರಾಸಾಯನಿಕ ಹಾಕಿಯೋ ಮತ್ತೆ ನೋಡಿದಾಗ ನಿಜವಾದ ಅಂಕಿ ಏರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಟ್ರೇಯಲ್ಲಿ ಪಾಸಿಟಿವ್ ಬಂದದ್ದು ಬರೀ ಐಜಿಎಂ ಜಾತಿಯ, ಅಷ್ಟು ಅಪಾಯವಿಲ್ಲದ ಆಂಟಿಬಾಡಿಯಿಂದ ಇರಬಹುದು. ಡಿಟಿಟಿ ಎಂಬ ರಾಸಾಯನಿಕ ಹಾಕಿ ಅದನ್ನು ಮುರಿದು ಇನ್ನೊಮ್ಮೆ ನೋಡಬೇಕು. ಬಿ ಕಣಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಕೊಟ್ಟ ರೋಗಿಯಾದರೆ ಬಿ ಕಣದ ಕ್ರಾಸ್‌ಮ್ಯಾಚ್ ಆ ಔಷಧಿಯಿಂದಲೇ ಪಾಸಿಟಿವ್ ಬರುತ್ತದೆ. ಅದು ಕೇಸ್‌ಶೀಟ್‌ನಲ್ಲಿ ಬರೆದಿಲ್ಲದಿದ್ದರೆ ಲ್ಯಾಬಿನಲ್ಲಿ ಎಷ್ಟು ತಲೆಕೆಡಿಸಿಕೊಂಡರೂ ಉತ್ತರ ಸಿಗದು.

ಹಾಗಾಗಿ ನನ್ನ ಕೆಲಸದ ಅತಿಮುಖ್ಯ ಸಾಧನ ಯಂತ್ರವಲ್ಲ. ರೋಗಿಯ ಎದುರು ಕೂತು ಕೇಳುವುದು. ಆಂಟಿಬಾಡಿ ವರ್ಷಗಳಲ್ಲಿ ಇಳಿದು ಯಾವ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಬಹುದು. ಆದರೆ ಅದನ್ನು ತಯಾರಿಸುವುದು ಹೇಗೆಂದು ಬಲ್ಲ ನೆನಪಿನ ಬಿ ಕಣಗಳು ಉಳಿದಿರುತ್ತವೆ. ಗಂಡನ ಕಿಡ್ನಿ ಒಳಗೆ ಬಂದ ಕೂಡಲೇ ಅವು ಏಳುತ್ತವೆ. ಇಂಥ ಹೊತ್ತಿನಲ್ಲಿ ಇಂದಿನ ನೆಗೆಟಿವ್ ರಿಪೋರ್ಟ್ ಅರ್ಧ ಸತ್ಯ. ಉಳಿದರ್ಧ ಅವರ ಬಾಯಲ್ಲೇ ಇರುತ್ತದೆ.

ಆದರೆ ಕೇಳುವುದು ಸುಲಭವಲ್ಲ. ಅತ್ತೆಯೋ ನಾದಿನಿಯೋ ಜೊತೆಗಿದ್ದಾಗ "ಎಷ್ಟು ಬಸಿರು?" ಎಂದರೆ "ಎರಡು ಮಕ್ಕಳು" ಎಂಬ ಉತ್ತರ ಬರುತ್ತದೆ. ನಾನು ಕೇಳಿದ್ದು ಮಕ್ಕಳ ಲೆಕ್ಕವಲ್ಲ, ಅಲ್ವಾ? ರಕ್ತ ತೆಗೆಯುವ ನೆಪದಲ್ಲಿ ಒಳಗೆ ಕರೆದು, ಬಾಗಿಲು ಹಾಕಿ, ಹೆಸರು ಹಿಡಿದು ಮಾತಾಡಿಸಿದರೆ ಆಗ ಬರುತ್ತದೆ: "ದೊಡ್ಡವನಿಗಿಂತ ಮುಂಚೆ ಒಂದು ನಿಂತಿತ್ತು ಮೇಡಂ. ನಾಲ್ಕು ತಿಂಗಳಿಗೆ ಹೋಯ್ತು. ಯಾರಿಗೂ ಹೇಳಬೇಡಿ." ಹೋದ ಬಸಿರೂ ಲೆಕ್ಕಕ್ಕೆ ಬೇಕು. ತೆಗೆಸಿದ್ದೂ ಬೇಕು. ಹೆರಿಗೆಯಲ್ಲಿ ರಕ್ತ ಏರಿಸಿದರಾ, ಡಯಾಲಿಸಿಸ್ ಶುರುವಾದ ಮೇಲೆ ಎಷ್ಟು ಬಾಟಲಿ, ಕೊಟ್ಟವರು ಯಾರು ಎಂಬುದೂ ಬೇಕು. ಊರ ಕಡೆ ಗಂಡನೋ ಮಗನೋ ಅಕ್ಕರೆಯಿಂದ ತಮ್ಮದೇ ರಕ್ತ ಕೊಟ್ಟಿರುತ್ತಾರೆ. ಮುಂದೆ ಕಿಡ್ನಿ ಕೊಡಬೇಕಾದವರೂ ಅವರೇ. ಆ ರಕ್ತದಲ್ಲಿನ ಬಿಳಿಕಣಗಳು ಮೊದಲೇ ಅವರ ಗುರುತನ್ನು ಪರಿಚಯಿಸಿಬಿಟ್ಟಿರುತ್ತವೆ.

ರಕ್ತ ಏರಿಸುವುದರ ಬಗ್ಗೆ ವಿಜ್ಞಾನವೇ ಒಂದು ಸುತ್ತು ಹೊಡೆದಿದೆ. 1973ರಲ್ಲಿ ಸಂಶೋಧಕ ಗೆರ್ಹಾರ್ಡ್ ಒಪೆಲ್ಜ್, ಮೊದಲೇ ರಕ್ತ ಪಡೆದವರಲ್ಲಿ ಕಿಡ್ನಿ ಚೆನ್ನಾಗಿ ಉಳಿಯುತ್ತದೆ ಎಂದು ತೋರಿಸಿದರು. ಹಲವು ಕಡೆ ಬೇಕೆಂದೇ ರಕ್ತ ಏರಿಸುತ್ತಿದ್ದರು. ರೋಗನಿರೋಧಕ ಶಕ್ತಿ ತಗ್ಗಿಸಿ ಕಸಿ ಉಳಿಸುವ ಸೈಕ್ಲೋಸ್ಪೋರಿನ್ ಔಷಧಿ ಬಂದ ಮೇಲೆ ಆ ಲಾಭ ಮಂಕಾಯಿತು, ಆಂಟಿಬಾಡಿಯ ಅಪಾಯ ಮಾತ್ರ ಉಳಿಯಿತು. ಈಗ ಕೆಂಪುಕಣ ಹೆಚ್ಚಿಸುವ ಎರಿಥ್ರೋಪೊಯಿಟಿನ್ ಇಂಜೆಕ್ಷನ್, ಐರನ್ ಕೊಟ್ಟು ರಕ್ತ ಏರಿಸುವುದನ್ನು ಆದಷ್ಟು ತಪ್ಪಿಸುತ್ತಾರೆ.

ನಮ್ಮ ಕಡೆಗೇ ಸೇರಿದ ಇನ್ನೊಂದು ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತೇನೆ. "ಸೋದರಿಕೆಯಲ್ಲೇ ಮದುವೆಯಾದದ್ದಾ?" ಸೋದರಮಾವನನ್ನು ಮದುವೆಯಾದ ಹೆಂಗಸು ಈ ಭಾಗದಲ್ಲಿ ಅಪರೂಪವಲ್ಲ. ತಾಯಿಯಿಂದ ಅವಳಿಗೆ ಬಂದ ಎಚ್‌ಎಲ್‌ಎಯ ಅರ್ಧಭಾಗ ಅವಳ ಗಂಡನಲ್ಲೂ ಇರುವ ಸಾಧ್ಯತೆ ಎರಡರಲ್ಲಿ ಒಂದು. ಹಾಗಿದ್ದು, ಮಗುವಿಗೆ ತಂದೆಯಿಂದ ಅದೇ ಭಾಗ ಹೋದರೆ ತಾಯಿಯ ಮೈಗೆ ಹೊಸದೇನೂ ಕಾಣುವುದಿಲ್ಲ. ಇಂಥ ಮನೆಗಳ ಟೈಪಿಂಗ್ ರಿಪೋರ್ಟ್ ಓದುವಾಗ ಯಾವ ಭಾಗ ಎಲ್ಲಿಂದ ಬಂತು ಎಂದು ವಂಶವೃಕ್ಷ ಬರೆದು ನೋಡದೆ ನಾನು ಸಹಿ ಹಾಕುವುದಿಲ್ಲ. ಇದು ಸೋದರಿಕೆ ಮದುವೆಗೆ ಶಿಫಾರಸಲ್ಲ. ಅದರಿಂದ ಬರುವ ಬೇರೆ ಆನುವಂಶಿಕ ಕಾಯಿಲೆಗಳ ಮಾತು ಗಂಭೀರವಾದದ್ದೇ. ನನ್ನ ಟೇಬಲ್ ಮೇಲೆ ಬರುವ ಹೊತ್ತಿಗೆ ಆ ಮದುವೆ ಆಗಿಹೋಗಿರುತ್ತದೆ. ಅದರಲ್ಲಿ ರೋಗಿಗೆ ಒಳ್ಳೆಯದಾಗುವುದೇನಾದರೂ ಇದ್ದರೆ ಹುಡುಕುವುದು ನನ್ನ ಕೆಲಸ.

ಪಾಸಿಟಿವ್ ಬಂದವರಿಗೆ ದಾರಿ ಮುಚ್ಚಿತೆಂದಲ್ಲ. ಪ್ಲಾಸ್ಮಾಫೆರೆಸಿಸ್ (ಯಂತ್ರದಿಂದ ರಕ್ತದ ದ್ರವಭಾಗ ಬೇರ್ಪಡಿಸಿ ತೆಗೆಯುವುದು) ಮಾಡಿ ಆಂಟಿಬಾಡಿ ಇಳಿಸಬಹುದು, ಜೊತೆಗೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್), ರಿಟುಕ್ಸಿಮ್ಯಾಬ್ ಕೊಡಬಹುದು. ಖರ್ಚು ಲಕ್ಷಗಟ್ಟಲೆ, ಸೋಂಕಿನ ಭಯವೂ ಇದೆ, ಇಳಿದದ್ದು ಮತ್ತೆ ಏರಲೂಬಹುದು. ನನ್ನ ಮನಸ್ಸು ಮೊದಲು ಒಲಿಯುವುದು ಸ್ವ್ಯಾಪ್ ಕಡೆಗೆ. ಈ ಮನೆಯ ಗಂಡ ಆ ಮನೆಯ ರೋಗಿಗೆ ಕೊಡುವುದು, ಆ ಮನೆಯವರು ಈ ಹೆಂಗಸಿಗೆ ಕೊಡುವುದು. ಅಂಗಾಂಗ ಕಸಿ ಕಾಯ್ದೆ 1994ರದ್ದು. 2011ರ ತಿದ್ದುಪಡಿಯಲ್ಲಿ ಹತ್ತಿರದ ಸಂಬಂಧಿಗಳ ಜೋಡಿಗಳ ನಡುವೆ ಇದಕ್ಕೆ ಅವಕಾಶ ಸಿಕ್ಕಿತು. ಜೊತೆಗೆ ಕರ್ನಾಟಕದವರು, ತೀರಿಕೊಂಡವರ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ನೋಂದಾಯಿಸಬಹುದು. ಆದರೆ ಸ್ವ್ಯಾಪ್‌ಗೆ ಜೋಡಿಗಳು ಹೆಚ್ಚು ಬೇಕು. ಒಂದೊಂದು ಆಸ್ಪತ್ರೆಯೂ ತನ್ನ ಪಟ್ಟಿಯನ್ನು ತಾನೇ ಇಟ್ಟುಕೊಂಡು ಕೂತರೆ ಆಂಟಿಬಾಡಿ ಜಾಸ್ತಿ ಇರುವ ಹೆಂಗಸಿಗೆ ಜೋಡಿ ಸಿಗುವುದು ಕಷ್ಟ. ಪಟ್ಟಿಗಳು ಒಟ್ಟಾಗಲೇಬೇಕು ಎಂದು ನಾನು ಸಿಕ್ಕ ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಿರುತ್ತೇನೆ.

"ಅಷ್ಟೊಂದು ಮಾತ್ರೆ ಕೊಡ್ತೀರಲ್ಲ, ಅದು ತಡೆಯಲ್ವಾ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಹೆಚ್ಚಿನವರಿಗೆ ಕೊಡುವುದು ಮೂರು ಔಷಧಿ: ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಟ್ಯಾಕ್ರೊಲಿಮಸ್ ಸಿಕ್ಕಿದ್ದು ಜಪಾನಿನ ತ್ಸುಕುಬಾದ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ, 1984ರಲ್ಲಿ. ಅದಕ್ಕಿಂತ ಮುಂಚಿನ ಸೈಕ್ಲೋಸ್ಪೋರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂದದ್ದು. ಎರಡೂ ಟಿ ಕಣದೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತವೆ. ಅದು ನಿಂತರೆ ಐಎಲ್-2 ಎಂಬ ಸಂದೇಶ ತಯಾರಾಗುವುದು ಕುಗ್ಗುತ್ತದೆ, ಟಿ ಕಣಗಳು ಹೆಚ್ಚುವುದಿಲ್ಲ. ಮೈಕೋಫಿನೊಲೇಟ್ ಲಿಂಫೋಸೈಟ್‌ಗಳು ಒಡೆದು ಎರಡಾಗುವುದನ್ನು ತಡೆಯುತ್ತದೆ. ಹೊಸ ಜಗಳ ಶುರುವಾಗದಂತೆ ನೋಡಿಕೊಳ್ಳುವುದರಲ್ಲಿ ಇವು ಅದ್ಭುತ. ಆದರೆ ಮೂಳೆಮಜ್ಜೆಯಲ್ಲಿ ಕೂತು ವರ್ಷಗಟ್ಟಲೆ ಆಂಟಿಬಾಡಿ ಸುರಿಸುವ ಪ್ಲಾಸ್ಮಾ ಕಣಗಳು ಈ ಮಾತ್ರೆಗಳಿಗೆ ಬಗ್ಗುವುದಿಲ್ಲ. ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಆಂಟಿಬಾಡಿಯನ್ನು ಇವು ತೆಗೆಯಲಾರವು. ನಾವು ಕಸಿಗೆ ಮುಂಚೆಯೇ ಇಷ್ಟು ಹುಡುಕಾಡುವುದು ಅದಕ್ಕೇ.

ಕಸಿಯ ನಂತರವೂ ಇದೇ ರೋಗಿಗಳು ನಮ್ಮಲ್ಲಿಗೆ ಬರುತ್ತಿರುತ್ತಾರೆ. ಟ್ಯಾಕ್ರೊಲಿಮಸ್ ಲೆವೆಲ್ ನೋಡಲು ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಮಾತ್ರೆ ನುಂಗಿ ಬಂದರೆ ಬರುವ ಅಂಕಿಗೆ ಅರ್ಥವಿಲ್ಲ, ಅದನ್ನು ನಂಬಿ ಡೋಸ್ ಇಳಿಸಿದರೆ ರಿಜೆಕ್ಷನ್‌ಗೆ, ಅಂದರೆ ಮೈ ಕಿಡ್ನಿಯನ್ನು ತಿರಸ್ಕರಿಸುವುದಕ್ಕೆ, ಬಾಗಿಲು ತೆರೆದ ಹಾಗೆ. "ಮಾತ್ರೆ ಕೈಯಲ್ಲಿ ಹಿಡ್ಕೊಂಡು ಬನ್ನಿ, ರಕ್ತ ಕೊಟ್ಟು ಇಲ್ಲೇ ತಗೊಳ್ಳಿ" ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅಂಕಿ ಏಕಾಏಕಿ ಏರಿದ್ದರೆ ಮೊದಲು ಕೇಳುವುದು ಭೇದಿ ಇತ್ತಾ ಎಂದು. ಕರುಳಿನಲ್ಲಿ ಔಷಧಿ ಒಡೆಯುವ ಕೆಲಸ ಕೆಟ್ಟು ಲೆವೆಲ್ ಏರುತ್ತದೆ. ಎರಡನೆಯದು ಚಕ್ಕೋತ. ದೇವನಹಳ್ಳಿ ಚಕ್ಕೋತ ನಮಗೆ ಹೆಮ್ಮೆಯ ಹಣ್ಣು. ಆದರೆ ಅದು ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ, ಕರುಳಿನಲ್ಲಿ ಔಷಧಿ ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನು ತಡೆಯುವ ವಸ್ತು ಇದರಲ್ಲೂ ಇದೆ. ಕಸಿಯಾದವರು ದೂರ ಇಡಬೇಕು. ಅಂಕಿ ಕುಸಿದಿದ್ದರೆ ಟಿಬಿಗೆ ರಿಫಾಂಪಿಸಿನ್ ಶುರುವಾಗಿದೆಯಾ ಎಂದು ಕೇಳಬೇಕು. ಅದು ಟ್ಯಾಕ್ರೊಲಿಮಸನ್ನು ಬೇಗ ಬೇಗ ಒಡೆಸಿಹಾಕುತ್ತದೆ. ಇಲ್ಲಿ ಟಿಬಿ ಜಾಸ್ತಿ, ರೋಗನಿರೋಧಕ ಶಕ್ತಿ ತಗ್ಗಿಸಿದವರಲ್ಲಿ ಇನ್ನೂ ಜಾಸ್ತಿ. ಊರಿನ ಡಾಕ್ಟರು ಟಿಬಿ ಔಷಧಿ ಕೊಡುವ ಮುಂಚೆ ಕಸಿ ಮಾಡಿದವರಿಗೆ ಒಂದು ಫೋನ್ ಮಾಡಿದರೆ ಎಷ್ಟೋ ಕಿಡ್ನಿ ಉಳಿಯುತ್ತವೆ.

ಮಾತ್ರೆ ತಪ್ಪಿಸುವವರ ವಿಷಯ ಬೇರೆ. ದುಡ್ಡಿಲ್ಲದೆ ಒಂದು ಹೊತ್ತು ಬಿಡುವವರಿದ್ದಾರೆ, "ಚೆನ್ನಾಗೇ ಇದೀನಲ್ಲ" ಎಂದು ಬಿಡುವ ಹುಡುಗರಿದ್ದಾರೆ. ತಮ್ಮ ಮಾತ್ರೆ ದುಡ್ಡಿನಲ್ಲಿ ಮಗಳ ಫೀಸು ಕಟ್ಟಿದ ತಾಯಂದಿರೂ ಇದ್ದಾರೆ. ಔಷಧಿ ತಗ್ಗಿದ ಸಂದಿನಲ್ಲಿ ಕಿಡ್ನಿಯ ವಿರುದ್ಧ ಹೊಸ ಆಂಟಿಬಾಡಿ ಹುಟ್ಟುತ್ತದೆ. ಕಿಡ್ನಿ ಕೆಟ್ಟದ್ದನ್ನು ತೋರಿಸುವ ಕ್ರಿಯಾಟಿನಿನ್ ಏರುವುದು ಎಷ್ಟೋ ತಡವಾಗಿ. ಬಯಾಪ್ಸಿಯಲ್ಲಿ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಆಂಟಿಬಾಡಿ ದಾಳಿಯ ಕುರುಹಾದ ಸಿ4ಡಿ ಕಾಣುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ. ಮಾತ್ರೆ ಬಿಟ್ಟದ್ದಕ್ಕೆ ನಾವು ಯಾರನ್ನೂ ಗದರುವುದಿಲ್ಲ. ಗದರಿದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ನನಗೆ ಬೇಕಾದದ್ದು ನಿಜ.

ಡಯಾಲಿಸಿಸ್ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ನನ್ನದೊಂದು ಕೋರಿಕೆ ಇದೆ. ಹೆಂಗಸೊಬ್ಬರು ಮೊದಲ ಸಲ ಬಂದ ದಿನವೇ ಬಸಿರುಗಳ ಪೂರ್ತಿ ವಿವರ, ಹೋದದ್ದೂ ಸೇರಿಸಿ, ಫೈಲಿನಲ್ಲಿ ಬರೆದಿಡಿ. ಒಬ್ಬರೇ ಇರುವಾಗ ಕೇಳಿ. ರಕ್ತ ಏರಿಸಲೇಬೇಕಾದರೆ ಬಿಳಿಕಣ ಸೋಸಿದ ರಕ್ತ ಕೊಡಿ, ಗಂಡ ಮಕ್ಕಳಿಂದ ಬೇಡ. ತಾರೀಖು ಬರೆಯಿರಿ. ಎರಡು ವಾರ ಕಳೆದ ಮೇಲೆ ಹೊಸ ಸೀರಂ ನಮಗೆ ಕಳಿಸಿ. ಹಳೆಯ ಸೀರಂ ನಾವು ಫ್ರೀಜರಿನಲ್ಲಿ ಕಾಪಾಡಿರುತ್ತೇವೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.